ಡಿಜಿಟಲ್ ಚಿಕಿತ್ಸೆಯ ಲಾಂಚ್ ನನ್ನ ಹೆಗಲಿಗೆ ಬಂದಿದೆ. ಮಾತ್ರೆ ಮಾರಿದ ಅನುಭವ ಇಲ್ಲಿ ಸಾಕಾಗುತ್ತಾ?

ಇರುಳುದೀಪ

ಎಲ್ಲರಿಗೂ ನಮಸ್ಕಾರ.

ಹನ್ನೊಂದು ವರ್ಷ ಔಷಧ ಕಂಪನಿಯಲ್ಲಿದ್ದೆ. ಮೊದಲು ರೆಪ್ (ಡಾಕ್ಟರುಗಳ ಹತ್ತಿರ ಹೋಗಿ ಔಷಧದ ವಿಷಯ ಹೇಳುವ ಕೆಲಸ), ಆಮೇಲೆ ಏರಿಯಾ ಮ್ಯಾನೇಜರ್, ಕೊನೆಗೆ ಬ್ರ್ಯಾಂಡ್ ಮ್ಯಾನೇಜರ್. ಎರಡು ಮಾತ್ರೆಗಳನ್ನು ಮಾರುಕಟ್ಟೆಗೆ ತಂದ ತಂಡದಲ್ಲಿ ಕೆಲಸ ಮಾಡಿದ್ದೇನೆ. ಈಗ ಒಂದು ಸಣ್ಣ ಕಂಪನಿ ಸೇರಿದ್ದೇನೆ. ನಮ್ಮದು ದೀರ್ಘಕಾಲದ ನಿದ್ರಾಹೀನತೆಗೆ ಫೋನಿನ ಮೂಲಕ ಕೊಡುವ ಚಿಕಿತ್ಸೆ. ಮಾತ್ರೆಯಿಲ್ಲದೆ ನಿದ್ದೆಯ ಅಭ್ಯಾಸ, ಯೋಚನೆಗಳನ್ನು ತಿದ್ದುವ ಸಿಬಿಟಿ-ಐ ಅನ್ನುತ್ತಾರಲ್ಲ, ಅದನ್ನೇ ಎಂಟು ವಾರದ ಪಾಠಗಳಾಗಿ ಮಾಡಿದ್ದಾರೆ. ಡಾಕ್ಟರು ಬರೆದುಕೊಟ್ಟರೆ ಮಾತ್ರ ತೆರೆಯುತ್ತದೆ. ಟ್ರಯಲ್ ಮುಗಿದಿದೆ, ಫಲಿತಾಂಶ ಚೆನ್ನಾಗಿ ಬಂದಿದೆ. ಅನುಮತಿ ಇನ್ನು ಕೆಲವು ತಿಂಗಳಲ್ಲಿ ಸಿಗಬಹುದು. ಲಾಂಚ್ ಪೂರ್ತಿ ನನ್ನ ಜವಾಬ್ದಾರಿ.

ನಾನು ಹಾಕಿಕೊಂಡ ಪ್ಲಾನ್ ಇದು: 30 ಜನ ರೆಪ್‌ಗಳು, ದೊಡ್ಡ ವೈದ್ಯ ಸಮ್ಮೇಳನದಲ್ಲಿ ಬಿಡುಗಡೆ, ಮೊದಲ ವರ್ಷ ಡಾಕ್ಟರುಗಳಿಂದ 5,000 ಚೀಟಿ. ಮೇಲಿನವರಿಗೆ ಒಪ್ಪಿಗೆಯಾಗಿದೆ. ಆದರೆ ನನಗೇ ಯಾಕೋ ಸಮಾಧಾನ ಇಲ್ಲ. ಏನೋ ಒಂದು ಬಿಟ್ಟುಹೋಗಿದೆ ಅನ್ನಿಸುತ್ತಿದೆ. ಈ ದಾರಿಯಲ್ಲಿ ನಡೆದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ಕಲ್ಲುಬೆಂಚು

ಇರುಳುದೀಪ ಅವರೇ, ನಾನೂ ಮಾತ್ರೆ ಕಂಪನಿಯಿಂದಲೇ ಈ ಕಡೆಗೆ ಬಂದವನು. ಇಂಥದ್ದೇ ಒಂದು ಲಾಂಚ್ ನೋಡಿಕೊಂಡಿದ್ದೇನೆ. ನಿಮ್ಮ ಪ್ಲಾನಿನಲ್ಲಿ ನನಗೆ ಚಿಂತೆ ಹುಟ್ಟಿಸಿದ್ದು ಆ 5,000 ಚೀಟಿ. ದಯವಿಟ್ಟು ಚೀಟಿಯನ್ನು ಗುರಿ ಮಾಡಿಕೊಳ್ಳಬೇಡಿ.

ಮಾತ್ರೆಯಾದರೆ ಚೀಟಿ ಬರೆದ ಮೇಲಿನ ದಾರಿ ಆಗಲೇ ಸಿದ್ಧವಾಗಿರುತ್ತದೆ. ಔಷಧದ ಅಂಗಡಿ ಇದೆ, ಸ್ಟಾಕ್ ಇದೆ, ಬಿಲ್ ಮಾಡುವ ಪದ್ಧತಿ ಇದೆ. ನುಂಗುವುದು ಹೇಗೆ ಅಂತ ಯಾರೂ ಹೇಳಿಕೊಡಬೇಕಿಲ್ಲ. ನಮ್ಮ ಚಿಕಿತ್ಸೆಗೆ ಆ ದಾರಿಯೇ ಇಲ್ಲ. ಡಾಕ್ಟರ ಮೇಜಿನಿಂದ ರೋಗಿಯ ಹಾಸಿಗೆಯವರೆಗೆ ಒಂದೊಂದು ಮೆಟ್ಟಿಲನ್ನೂ ನೀವೇ ಕಟ್ಟಬೇಕು.

ಪೇರ್ ಥೆರಪ್ಯೂಟಿಕ್ಸ್ ವಿಷಯ ನೀವು ಓದಿರಬಹುದು. ಅಮೆರಿಕದ ಕಂಪನಿ. ವ್ಯಸನಕ್ಕೆ ಅವರು ಮಾಡಿದ ರೀಸೆಟ್ ಆ್ಯಪಿಗೆ 2017ರಲ್ಲಿ ಎಫ್‌ಡಿಎ, ಅಂದರೆ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ, ಅನುಮತಿ ಕೊಟ್ಟಿತು. 2020ರಲ್ಲಿ ಸೋಮ್ರಿಸ್ಟ್ ಬಂತು. ಅದೂ ನಿಮ್ಮ ಹಾಗೆ ನಿದ್ರಾಹೀನತೆಗೇ. 2021ರಲ್ಲಿ ಷೇರುಪೇಟೆಗೆ ಹೋಗುವಾಗ ಕಂಪನಿಯ ಬೆಲೆ 160 ಕೋಟಿ ಡಾಲರ್ ಅಂತ ಲೆಕ್ಕ ಹಾಕಿದ್ದರು. 2022ರಲ್ಲಿ ಡಾಕ್ಟರುಗಳು 45 ಸಾವಿರಕ್ಕೂ ಹೆಚ್ಚು ಚೀಟಿ ಬರೆದರು. ಅಂದರೆ ಡಾಕ್ಟರುಗಳು ಒಪ್ಪಿದ್ದರು. ಆದರೆ ಅದರಲ್ಲಿ ಅರ್ಧದಷ್ಟು ಚೀಟಿಗಳು ಮಾತ್ರ ರೋಗಿಯ ಫೋನಿಗೆ ತಲುಪಿದವು. ತಲುಪಿದವುಗಳಲ್ಲೂ ಹಣ ಬಂದದ್ದು ಸುಮಾರು ನೂರಕ್ಕೆ 41ಕ್ಕೆ. ಕಾಗದ ತೆಗೆದುಕೊಂಡು ನೀವೇ ಗುಣಿಸಿ ನೋಡಿ. 45 ಸಾವಿರ ಹೋಗಿ ಒಂಬತ್ತು ಸಾವಿರದ ಹತ್ತಿರಕ್ಕೆ ಬಂದು ನಿಲ್ಲುತ್ತದೆ. 2023ರ ಏಪ್ರಿಲ್‌ನಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು. ಹರಾಜಿನಲ್ಲಿ ಎಲ್ಲಾ ಸೇರಿ ಬಂದದ್ದು 60 ಲಕ್ಷ ಡಾಲರ್‌ಗಿಂತ ಸ್ವಲ್ಪ ಜಾಸ್ತಿ.

ಚಿಕಿತ್ಸೆ ಕೆಟ್ಟದ್ದಾಗಿತ್ತಾ? ಇಲ್ಲ. ಹರಾಜಿನಲ್ಲಿ ಬೇರೆ ಸಂಸ್ಥೆಗಳು ಅವನ್ನೇ ಕೊಂಡುಕೊಂಡವು. ಸೋತದ್ದು ಚೀಟಿ ಮತ್ತು ಹಣದ ನಡುವಿನ ದಾರಿಯಲ್ಲಿ.

ಹಾಗಾಗಿ ನಿಮ್ಮ ಗೋಡೆಯ ಮೇಲಿನ ಸಂಖ್ಯೆ ಬದಲಿಸಿ. ಎಷ್ಟು ಜನ ಮೊದಲ ಪಾಠ ತೆರೆದರು, ಎಷ್ಟು ಜನ ನಾಲ್ಕನೇ ವಾರ ದಾಟಿದರು, ಎಷ್ಟು ಜನರ ಹಣ ಬಂತು. ನನ್ನ ಪ್ರಕಾರ ಲಾಂಚ್ ಅಂದರೆ ಈ ಮೂರೇ.

ಒಪಿಡಿ ಡಾಕ್ಟರ್

ಡಾಕ್ಟರ ಕಡೆಯ ಮಾತನ್ನೂ ಕೇಳಿ. ನಾನು ಮನೋವೈದ್ಯೆ. ಒಬ್ಬ ರೋಗಿಗೆ ನನಗೆ ಸಿಗುವುದು ಹತ್ತು ನಿಮಿಷ, ಕೆಲವು ದಿನ ಅದೂ ಇಲ್ಲ.

ನಿದ್ರಾಹೀನತೆಗೆ ಮೊದಲ ಚಿಕಿತ್ಸೆ ಸಿಬಿಟಿ-ಐ ಅಂತ ಅಮೆರಿಕನ್ ಕಾಲೇಜ್ ಆಫ್ ಫಿಸಿಶಿಯನ್ಸ್ 2016ರಲ್ಲೇ ಹೇಳಿದೆ. ನನಗೂ ಅದರಲ್ಲಿ ನಂಬಿಕೆ ಇದೆ. ಆದರೆ ಅದನ್ನು ಕೂರಿಸಿಕೊಂಡು ಕೊಡುವಷ್ಟು ತರಬೇತಿ ಪಡೆದವರು ನಮ್ಮಲ್ಲಿ ಇಲ್ಲ. ಆದ್ದರಿಂದ ನಿಮ್ಮಂಥ ಚಿಕಿತ್ಸೆ ಬಂದರೆ ನನಗೆ ನಿಜವಾಗಿ ಖುಷಿ. ನಿಮ್ಮ ರೆಪ್ ಬಂದು ಟ್ರಯಲ್ ಗ್ರಾಫ್ ತೋರಿಸಬೇಕಿಲ್ಲ, ಅದನ್ನು ನಾನೇ ಓದಿಕೊಳ್ಳುತ್ತೇನೆ. ನನಗೆ ಬೇಕಾದ ಉತ್ತರ ಬೇರೆ. ಯಾರಿಗೆ ಕೊಡಬಾರದು? ಈ ಚಿಕಿತ್ಸೆಯಲ್ಲಿ ಹಾಸಿಗೆಯಲ್ಲಿರುವ ಹೊತ್ತನ್ನು ಕಡಿಮೆ ಮಾಡುತ್ತಾರೆ. ಬೈಪೋಲಾರ್ (ಮನಸ್ಥಿತಿ ಒಮ್ಮೆ ಅತಿಯಾಗಿ ಏರಿ ಒಮ್ಮೆ ಕುಸಿಯುವ ಕಾಯಿಲೆ) ಇರುವವರಿಗೆ, ಮೂರ್ಛೆ ರೋಗ ಇರುವವರಿಗೆ ನಿದ್ದೆ ಕಡಿಮೆಯಾದರೆ ಅಪಾಯ. ರಾತ್ರಿ ಲಾರಿ ಓಡಿಸುವವರಿಗೆ ಹೇಗೆ ಕೊಡಲಿ? ಇದು ಒಂದೇ ಪುಟದಲ್ಲಿ, ದಪ್ಪ ಅಕ್ಷರದಲ್ಲಿ ನನ್ನ ಮೇಜಿನ ಮೇಲಿರಬೇಕು.

ಇನ್ನೊಂದು. ರೋಗಿ ರಾತ್ರಿ ಎರಡು ಗಂಟೆಗೆ ಆ್ಯಪಿನಲ್ಲಿ "ಬದುಕೋದೇ ಬೇಡ ಅನ್ನಿಸ್ತಿದೆ" ಅಂತ ಬರೆದರೆ ಅದನ್ನು ಯಾರು ಓದುತ್ತಾರೆ? ನನ್ನ ಡ್ಯಾಶ್‌ಬೋರ್ಡಿನಲ್ಲಿ ಬೆಳಿಗ್ಗೆ ಒಂಬತ್ತಕ್ಕೆ ಕಾಣಿಸಿದರೆ ಜವಾಬ್ದಾರಿ ನನ್ನದಾ, ನಿಮ್ಮದಾ? ಒಬ್ಬ ರೆಪ್ ಈ ಪ್ರಶ್ನೆಗೆ "ಕೇಳಿ ಹೇಳುತ್ತೇನೆ ಮೇಡಂ" ಅಂದರು. ಎರಡು ತಿಂಗಳಾಯಿತು. ಆ ಚಿಕಿತ್ಸೆಯನ್ನು ನಾನು ಇವತ್ತಿಗೂ ಒಬ್ಬರಿಗೂ ಬರೆದಿಲ್ಲ.

ಇರುಳುದೀಪ

ಡಾಕ್ಟರ್ ಮೇಡಂ, ಈ ಪ್ರಶ್ನೆ ನಮ್ಮ ಮೀಟಿಂಗಿನಲ್ಲಿ ಒಮ್ಮೆಯೂ ಬಂದಿಲ್ಲ. ಇವತ್ತೇ ಬರೆದುಕೊಂಡಿದ್ದೇನೆ.

ಕಲ್ಲುಬೆಂಚು ಅವರೇ, ಅರ್ಧದಷ್ಟು ಚೀಟಿಗಳು ತಲುಪಲೇ ಇಲ್ಲ ಅಂದಿರಿ. ಉಚಿತವಾಗಿ ಇಳಿಸಿಕೊಳ್ಳುವ ಆ್ಯಪ್, ಕೋಡ್ ಹಾಕಿದರೆ ಮುಗಿಯಿತು. ಜನ ಎಲ್ಲಿ ಕಳೆದುಹೋಗುತ್ತಾರೆ?

ಎರಡನೇರಿಂಗ್

ಇದಕ್ಕೆ ನಾನು ಉತ್ತರ ಕೊಡಬಲ್ಲೆ. ಇಂಥದ್ದೇ ಒಂದು ಚಿಕಿತ್ಸೆಯ ಸಹಾಯವಾಣಿಯಲ್ಲಿ ಫೋನ್ ಎತ್ತುವ ಕೆಲಸ ಮೂರು ವರ್ಷ ಮಾಡಿದ್ದೇನೆ.

ಒಂದು ಕರೆ ಹೇಳುತ್ತೇನೆ. ಅರವತ್ತು ದಾಟಿದ ಒಬ್ಬ ಅಮ್ಮ. ಡಾಕ್ಟರು ಕೊಟ್ಟ ಕಾರ್ಡಿನಲ್ಲಿ ಹನ್ನೆರಡು ಅಕ್ಷರದ ಕೋಡ್ ಇತ್ತು. "ತಪ್ಪು ಕೋಡ್ ಅಂತಲೇ ಬರುತ್ತಿದೆ ಕಣಮ್ಮ" ಅಂದರು. ಒಂದೊಂದೇ ಅಕ್ಷರ ಓದಿಸಿದೆ. ಐದನೆಯದು "ಸೊನ್ನೆ" ಅಂದರು. ನನ್ನ ಪರದೆಯಲ್ಲಿ ಅದು ಇಂಗ್ಲಿಷಿನ ಓ. ಒಂಬತ್ತನೆಯದು "ಒಂದು" ಅಂದರು. ಅದು ಐ. ಕಾರ್ಡಿನ ಅಕ್ಷರ ಎಷ್ಟು ಸಣ್ಣದೆಂದರೆ ಅವರು ಕನ್ನಡಕದ ಮೇಲೆ ಮೊಮ್ಮಗನ ಭೂತಗನ್ನಡಿ ಹಿಡಿದು ಓದುತ್ತಿದ್ದರು. ಐದು ಸಲ ತಪ್ಪಾಗಿ ಹಾಕಿದ್ದಕ್ಕೆ ಆ್ಯಪ್ 24 ಗಂಟೆ ಲಾಕ್ ಆಗಿತ್ತು. "ನಾಳೆ ಮತ್ತೆ ಹಾಕಿ ಅಮ್ಮ" ಅಂತ ನಾನು ಹೇಳಬೇಕಾಯಿತು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ನಾಳೆ ಅನ್ನೋದು ಬರೋಕೆ ಈ ರಾತ್ರಿ ಕಳೀಬೇಕಲ್ಲಮ್ಮ" ಅಂದರು.

ಆ ಮಾತು ನನಗೆ ಇನ್ನೂ ಕೇಳಿಸುತ್ತದೆ. ನಿದ್ದೆಯಿಲ್ಲದೆ ಒದ್ದಾಡಿ, ಧೈರ್ಯ ಮಾಡಿ ಡಾಕ್ಟರ ಹತ್ತಿರ ಹೋಗಿ, ಚೀಟಿ ತಂದವರು. ಅವರನ್ನು ನಾವು ಒಂದು ಅಕ್ಷರಕ್ಕೆ ಹೊರಗೆ ನಿಲ್ಲಿಸಿದೆವು.

ಜನ ಕಳೆದುಹೋಗುವುದು ಇಲ್ಲಿ. ಕೋಡ್‌ನಲ್ಲಿ, ಹಳೇ ಫೋನಿನಲ್ಲಿ ಆ್ಯಪ್ ಇಳಿಯದೇ ಇರುವಲ್ಲಿ, ಇಮೇಲ್ ವಿಳಾಸ ಕೇಳುವಲ್ಲಿ. ಇಮೇಲ್ ಮಗನ ಹೆಸರಿನಲ್ಲಿರುತ್ತದೆ, ಮಗ ಊರಲ್ಲಿರಲ್ಲ. ಎಲ್ಲಕ್ಕಿಂತ ಜಾಸ್ತಿ ಕಳೆದುಹೋಗುವುದು ಮೊದಲ ಎರಡು ದಿನದಲ್ಲಿ. ಚೀಟಿ ಬರೆದ ದಿನ ತೆರೆದವರು ಮುಂದುವರಿಯುತ್ತಾರೆ. "ಮನೆಗೆ ಹೋಗಿ ನಿಧಾನವಾಗಿ ನೋಡ್ತೀನಿ" ಅಂದವರು ಬಹುಮಟ್ಟಿಗೆ ನೋಡುವುದೇ ಇಲ್ಲ. ನಾವು ಆಮೇಲೆ ಕ್ಲಿನಿಕ್ಕಿನ ನರ್ಸ್‌ಗಳಿಗೆ ಒಂದೇ ಒಂದು ಕೇಳಿಕೊಂಡೆವು: ರೋಗಿ ಬಾಗಿಲು ದಾಟುವ ಮೊದಲು ಅವರ ಫೋನಿನಲ್ಲಿ ಮೊದಲ ಪರದೆ ತೆರೆದಿರಲಿ. ಅಷ್ಟರಿಂದಲೇ ನಮಗೆ ಬರುವ ಕರೆಗಳ ಸ್ವರೂಪ ಬದಲಾಯಿತು. "ತೆರೆಯೋದು ಹೇಗೆ" ಅನ್ನುವುದು ನಿಂತು "ಎರಡನೇ ಪಾಠದಲ್ಲಿ ಹೀಗಂತಾರಲ್ಲ" ಅಂತ ಶುರುವಾಯಿತು.

ನೇರಮಾತು

ಎಲ್ಲರಿಗೂ ಗೌರವ ಇಟ್ಟುಕೊಂಡೇ ಬೇರೆ ಮಾತು ಹೇಳುತ್ತೇನೆ. ಇಷ್ಟೆಲ್ಲಾ ಕಷ್ಟ ಚೀಟಿ ಅನ್ನುವುದರಿಂದಲೇ ಅಲ್ವಾ? ಅದನ್ನೇ ಬಿಟ್ಟುಬಿಡಿ. ನೇರವಾಗಿ ಜನರಿಗೆ ಮಾರಿ. ಅಕಿಲಿ ಅನ್ನುವ ಅಮೆರಿಕದ ಕಂಪನಿ ಮಾಡಿದ್ದು ಅದನ್ನೇ. ಎಡಿಎಚ್‌ಡಿ, ಅಂದರೆ ಗಮನ ನಿಲ್ಲದ ತೊಂದರೆ, ಇರುವ ಮಕ್ಕಳಿಗೆ ಅವರು ಮಾಡಿದ ಎಂಡೆವರ್‌ಆರ್‌ಎಕ್ಸ್ ಆಟಕ್ಕೆ 2020ರ ಜೂನ್‌ನಲ್ಲಿ ಎಫ್‌ಡಿಎ ಅನುಮತಿ ಸಿಕ್ಕಿತು. ಚೀಟಿ ದಾರಿಯಲ್ಲಿ ಹಣ ಹುಟ್ಟಲಿಲ್ಲ. 2023ರ ಸೆಪ್ಟೆಂಬರ್‌ನಲ್ಲಿ ಚೀಟಿ ಬಿಟ್ಟು ನೇರ ಮಾರಾಟಕ್ಕೆ ಹೊರಟರು. ದೊಡ್ಡವರಿಗೆ ಮಾಡಿದ ಆವೃತ್ತಿಗೆ 2024ರಲ್ಲಿ ಚೀಟಿಯಿಲ್ಲದೆ ಮಾರಲು ಎಫ್‌ಡಿಎ ಒಪ್ಪಿಗೆಯನ್ನೂ ಪಡೆದರು.

ಕಲ್ಲುಬೆಂಚು

ನೇರಮಾತು ಅವರೇ, ಅದರ ಮುಂದಿನ ಪುಟವನ್ನೂ ಓದಬೇಕು. ಅದೇ 2024ರಲ್ಲಿ ಅಕಿಲಿ ಸುಮಾರು 3.4 ಕೋಟಿ ಡಾಲರ್‌ಗೆ ಮಾರಾಟವಾಯಿತು. ನೇರ ಮಾರಾಟ ತಪ್ಪು ಅಂತ ನಾನು ಹೇಳುತ್ತಿಲ್ಲ. ಆದರೆ ಆ ಕಡೆ ಹೋದ ಕೂಡಲೇ ನೀವು ನಿಲ್ಲುವುದು ಬೇರೆ ಸಾಲಿನಲ್ಲಿ. ಪಕ್ಕದಲ್ಲಿ ಮಳೆ ಸದ್ದು ಕೇಳಿಸುವ ಆ್ಯಪ್ ಇರುತ್ತದೆ, ಅದರ ಪಕ್ಕದಲ್ಲಿ ಧ್ಯಾನದ ಆ್ಯಪ್. ಟ್ರಯಲ್‌ಗೆ ಸುರಿದ ಹಣ, ವರ್ಷಗಟ್ಟಲೆ ಪಟ್ಟ ಶ್ರಮ ಆ ಸಾಲಿನಲ್ಲಿ ಯಾರ ಕಣ್ಣಿಗೂ ಬೀಳುವುದಿಲ್ಲ. ಅಲ್ಲಿ ಜಾಹೀರಾತಿಗೆ ಖರ್ಚು ಮಾಡಿದವರೇ ಮೇಲೆ ಬರುತ್ತಾರೆ.

ಆಮೇಲೆ ಕಾಯಿಲೆ ಇರುವವರ ವಿಷಯ. ಡಾಕ್ಟರ್ ಮೇಡಂ ಹೇಳಿದ ಬೈಪೋಲಾರ್ ರೋಗಿ ತಾನೇ ಕೊಂಡುಕೊಂಡು ಶುರುಮಾಡಿದರೆ ತಡೆಯುವವರು ಯಾರು? ಇರುಳುದೀಪ ಅವರ ಚಿಕಿತ್ಸೆಗೆ ಡಾಕ್ಟರು ಬೇಕು ಅಂತಲೇ ನನ್ನ ಅಭಿಪ್ರಾಯ.

ನೇರಮಾತು

ಒಪ್ಪುತ್ತೇನೆ, ನಿಮ್ಮ ಎರಡನೇ ಮಾತು ಗಟ್ಟಿಯಾಗಿದೆ. ಆದರೆ ಹಣದ ಪ್ರಶ್ನೆ ಹಾಗೇ ಉಳಿಯಿತು. ವಿಮೆಯವರು ಕೊಡದಿದ್ದರೆ?

ಲೆಕ್ಕಪತ್ರ

ವಿಮೆಯವರ ಕಡೆ ಕೂತು ಇಂಥ ಅರ್ಜಿಗಳನ್ನು ಓದುವ ಕೆಲಸ ನನ್ನದು. ಒಂದೆರಡು ಮಾತು ವಿವರವಾಗಿ ಹೇಳುತ್ತೇನೆ. ಇದು ಸ್ವಲ್ಪ ಉದ್ದ ಆಗಬಹುದು.

ಕಂಪನಿಯವರು ಬಂದು ತೋರಿಸುವುದು "ನಮ್ಮ ಚಿಕಿತ್ಸೆ ಪಡೆದವರ ಅಂಕ ಇಷ್ಟು ಸುಧಾರಿಸಿತು" ಅಂತ. ನಾನು ಕೇಳುವುದು: ಯಾರಿಗೆ ಹೋಲಿಸಿದಿರಿ? ಏನೂ ಕೊಡದೆ ಕಾಯಲು ಹೇಳಿದವರಿಗಾ, ಅಥವಾ ನಾನು ಈಗಾಗಲೇ ಹಣ ಕೊಡುತ್ತಿರುವ ಚಿಕಿತ್ಸೆಗಾ? ಅರ್ಧಕ್ಕೆ ಬಿಟ್ಟವರನ್ನು ಲೆಕ್ಕಕ್ಕೆ ತೆಗೆದುಕೊಂಡಿದ್ದೀರಾ? ಟ್ರಯಲ್‌ನಲ್ಲಿ ಪ್ರತಿ ವಾರ ಸಂಶೋಧಕರು ಫೋನ್ ಮಾಡುತ್ತಿದ್ದರು. ಹೊರಗೆ ಯಾರು ಮಾಡುತ್ತಾರೆ? ಫೋನ್ ಮಾಡುವವರು ಇಲ್ಲದಾಗ ಫಲಿತಾಂಶ ಹಾಗೇ ಇರುತ್ತಾ? ಅನುಮತಿ ಕೊಡುವವರು ನೋಡುವುದು ಸುರಕ್ಷಿತವಾ, ಕೆಲಸ ಮಾಡುತ್ತದಾ ಅಂತ. ನಾನು ನೋಡುವುದು ಇದಕ್ಕೆ ಕೊಟ್ಟ ಹಣ ಬೇರೆ ಯಾವ ರೋಗಿಯ ಬಾಯಿಂದ ಕಿತ್ತದ್ದು ಅಂತ. ಎರಡೂ ಬೇರೆ ಬೇರೆ ಪ್ರಶ್ನೆ. ಅನುಮತಿ ಸಿಕ್ಕಿತು, ಹಣ ತಾನಾಗಿ ಬರುತ್ತದೆ ಅಂದುಕೊಂಡವರೇ ಜಾಸ್ತಿ ಎಡವಿದ್ದಾರೆ.

ಒಳ್ಳೆಯ ಉದಾಹರಣೆ ಜರ್ಮನಿ. 2019ರ ಕೊನೆಯಲ್ಲಿ ಕಾನೂನು ತಂದರು. 2020ರ ಅಕ್ಟೋಬರ್‌ನಲ್ಲಿ ಮೊದಲ ಎರಡು ಆ್ಯಪ್‌ಗಳು ವಿಮೆ ಹಣ ಕೊಡುವ ಚಿಕಿತ್ಸೆಗಳ ಸರ್ಕಾರಿ ಪಟ್ಟಿಗೆ ಸೇರಿದವು. ಒಂದು ಕಿವಿಯಲ್ಲಿ ಗುಂಯ್‌ಗುಡುವ ತೊಂದರೆಗೆ, ಇನ್ನೊಂದು ಆತಂಕಕ್ಕೆ. ಪಟ್ಟಿ ಸೇರಿದರೆ ಸರ್ಕಾರಿ ವಿಮೆ ಇರುವ ಸುಮಾರು 7.3 ಕೋಟಿ ಜನರಿಗೆ ಡಾಕ್ಟರು ಬರೆದುಕೊಡಬಹುದು, ವಿಮೆ ಹಣ ಕೊಡಲೇಬೇಕು. ಪುರಾವೆ ಪೂರ್ತಿ ಇಲ್ಲದಿದ್ದರೂ ಒಂದು ವರ್ಷ ತಾತ್ಕಾಲಿಕವಾಗಿ ಪಟ್ಟಿಯಲ್ಲಿರಬಹುದು. ಮೊದಲ ವರ್ಷ ಬೆಲೆ ಕಂಪನಿಯೇ ಇಡುತ್ತದೆ. ಇಷ್ಟು ಕೇಳಿ ಎಲ್ಲರೂ ಹಿಗ್ಗುತ್ತಾರೆ. ಆದರೆ ವರ್ಷ ಕಳೆದ ಮೇಲಿನ ಬೆಲೆ ಮಾತುಕತೆಯಲ್ಲಿ ತೀರ್ಮಾನವಾಗುತ್ತದೆ, ಅದು ಸಾಮಾನ್ಯವಾಗಿ ಕೆಳಗೇ ಇಳಿಯುತ್ತದೆ. ಮಾತುಕತೆ ಎಳೆದಾಡಿದರೆ ಹೊಸ ಬೆಲೆ ಹದಿಮೂರನೇ ತಿಂಗಳಿಂದಲೇ ಲಾಗೂ. ಆ ತಿಂಗಳಿಂದ ಮಾತುಕತೆ ಮುಗಿಯುವವರೆಗೆ ಹೆಚ್ಚಾಗಿ ತೆಗೆದುಕೊಂಡದ್ದನ್ನು ವಾಪಸ್ ಕೊಡಬೇಕು. ಮೊದಲ ವರ್ಷದ ಬೆಲೆಯನ್ನೇ ನಂಬಿ ನೂರು ಜನರನ್ನು ಕೆಲಸಕ್ಕೆ ಸೇರಿಸಿಕೊಂಡರೆ ಹದಿಮೂರನೇ ತಿಂಗಳು ಸಂಬಳಕ್ಕೆ ಏನು ಮಾಡುತ್ತಾರೆ?

ಅಮೆರಿಕದಲ್ಲಿ ಸಮಸ್ಯೆ ಬೇರೆ. ಹಿರಿಯರ ಸರ್ಕಾರಿ ವಿಮೆ ಮೆಡಿಕೇರ್‌ನಲ್ಲಿ ಇಂಥ ಚಿಕಿತ್ಸೆಗೆ ಒಂದು ಖಾನೆಯೇ ಇರಲಿಲ್ಲ. ಖಾನೆ ಇಲ್ಲ ಅಂದರೆ ಬಿಲ್ ಬರೆಯುವುದು ಎಲ್ಲಿ? ಮಾನಸಿಕ ಆರೋಗ್ಯದ ಡಿಜಿಟಲ್ ಚಿಕಿತ್ಸೆಗಳಿಗೆ 2025ರ ಜನವರಿಯಿಂದ ಮೂರು ಬಿಲ್ಲಿಂಗ್ ಕೋಡ್‌ಗಳು ಬಂದಿವೆ. ಅದರಲ್ಲಿ ನನಗೆ ಇಷ್ಟವಾದದ್ದು, ರೋಗಿಯ ಜೊತೆ ಮಾತಾಡಿ ಆ ಚಿಕಿತ್ಸೆಯನ್ನು ಹಿಂಬಾಲಿಸುವ ಡಾಕ್ಟರ ಸಮಯಕ್ಕೂ ಹಣ ಇದೆ. ಎರಡು ವರ್ಷ ಮೊದಲೇ ಬಂದಿದ್ದರೆ ಎಷ್ಟೋ ಕಂಪನಿಗಳಿಗೆ ಉಸಿರು ಸಿಗುತ್ತಿತ್ತು ಅನ್ನಿಸುತ್ತದೆ.

ಇರುಳುದೀಪ ಅವರೇ, ಅನುಮತಿಗೆ ಕಾಯಬೇಡಿ. ಈ ವಾರವೇ ಹಣ ಕೊಡುವ ಇಬ್ಬರು ಮೂವರ ಹತ್ತಿರ ಹೋಗಿ. ಏನನ್ನೂ ಮಾರಬೇಡಿ. "ಯಾವ ಪುರಾವೆ ತಂದರೆ ನೀವು ಒಪ್ಪುತ್ತೀರಿ" ಅಂತ ಮಾತ್ರ ಕೇಳಿ. ನಮಗೆ ಆ ಪ್ರಶ್ನೆ ಕೇಳುವವರು ಬಹಳ ಕಡಿಮೆ. ಕೇಳಿದವರನ್ನು ನಾವು ಮರೆಯುವುದಿಲ್ಲ.

ಇರುಳುದೀಪ

ಮೇಲಿನದನ್ನು ಪ್ರಿಂಟ್ ತೆಗೆದು ತಂಡಕ್ಕೆ ಕೊಟ್ಟೆ. 30 ರೆಪ್ ಅನ್ನುವುದು ಈಗ 6ಕ್ಕೆ ಇಳಿದಿದೆ. ಉಳಿದ ಹಣದಲ್ಲಿ ಸಹಾಯವಾಣಿಗೆ ಎಂಟು ಜನ, ಕ್ಲಿನಿಕ್ಕುಗಳಲ್ಲಿ ನಿಂತು ರೋಗಿಯ ಫೋನಿನಲ್ಲಿ ತೆರೆದುಕೊಡುವವರು ನಾಲ್ಕು ಜನ. ಸಮ್ಮೇಳನದ ಬಿಡುಗಡೆ ಕೈಬಿಟ್ಟೆವು. ಬೋರ್ಡಿನಲ್ಲಿ ಒಬ್ಬರು "ಇದು ಲಾಂಚ್ ತರಹ ಕಾಣಲ್ಲ" ಅಂದರು. ಬೆಳವಣಿಗೆ ನಿಧಾನ ಆಗುತ್ತದೆ ಅನ್ನುವ ಅವರ ಭಯ ನನಗೂ ಅರ್ಥವಾಗುತ್ತದೆ. ಹನ್ನೆರಡು ಕ್ಲಿನಿಕ್ಕುಗಳಲ್ಲಿ ಶುರುಮಾಡಿ, ನಾಲ್ಕನೇ ವಾರ ದಾಟಿದವರ ಸಂಖ್ಯೆ ನೋಡಿ ಮುಂದೆ ಹೋಗೋಣ ಅಂತ ಕೇಳಿಕೊಂಡೆ. ಒಪ್ಪಿದರು.

ಬೆಳಗಿನಜಾವ

ನಾನು ಈ ಉದ್ಯಮದವಳಲ್ಲ. ಇಂಥ ಚಿಕಿತ್ಸೆ ತೆಗೆದುಕೊಂಡ ರೋಗಿ. ಓದುತ್ತಾ ಓದುತ್ತಾ ಬರೆಯಲೇಬೇಕು ಅನ್ನಿಸಿತು.

ಮೊದಲ ವಾರ ಚೆನ್ನಾಗಿತ್ತು. ನಿದ್ದೆಯ ದಿನಚರಿ ತುಂಬಿಸುವುದಷ್ಟೇ. ಎರಡನೇ ವಾರ ಆ್ಯಪ್ ಲೆಕ್ಕ ಹಾಕಿ ಹೇಳಿತು: ನೀವು ನಿಜವಾಗಿ ಮಲಗುವುದು ಐದೂವರೆ ಗಂಟೆ. ಇನ್ನು ಮೇಲೆ ರಾತ್ರಿ ಹನ್ನೆರಡೂವರೆಗೆ ಮುಂಚೆ ಹಾಸಿಗೆಗೆ ಹೋಗಬೇಡಿ, ಆರಕ್ಕೆ ಏಳಿ. ಹತ್ತು ಗಂಟೆಗೆ ಮನೆಯವರೆಲ್ಲಾ ಮಲಗಿದರು. ನಾನು ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಗೋಡೆ ಗಡಿಯಾರ ನೋಡುತ್ತಿದ್ದೆ. ಕಣ್ಣು ಎಳೆಯುತ್ತಿತ್ತು. ಒಂಬತ್ತು ವರ್ಷದಲ್ಲಿ ಮೊದಲ ಸಲ ನಿದ್ದೆ ತಾನಾಗಿ ಬರುತ್ತಿತ್ತು, ಈ ಆ್ಯಪ್ ಬೇಡ ಅನ್ನುತ್ತಿತ್ತು. ನಾಲ್ಕನೇ ದಿನ ಆಫೀಸಿನಲ್ಲಿ ಕೂತಲ್ಲೇ ತೂಕಡಿಸಿದೆ. ಇದು ನನ್ನನ್ನು ಇನ್ನೂ ಹಾಳು ಮಾಡುತ್ತಿದೆ ಅಂತ ಅಳಿಸಿಹಾಕಿದೆ.

ಆರು ತಿಂಗಳ ನಂತರ ಡಾಕ್ಟರು ಹೇಳಿದರು, ಆ ಸುಸ್ತೇ ಚಿಕಿತ್ಸೆಯ ಭಾಗ, ಅದು ದಾಟಿದ ಮೇಲೆ ನಿದ್ದೆ ಕೂಡಿಕೊಳ್ಳುತ್ತದೆ, ಆಗ ಹೊತ್ತನ್ನು ಸ್ವಲ್ಪ ಸ್ವಲ್ಪ ಹೆಚ್ಚಿಸುತ್ತಾರೆ ಅಂತ. ಎರಡನೇ ಸಲ ಪೂರ್ತಿ ಮಾಡಿದೆ. ಈಗ ಮಲಗುತ್ತೇನೆ. ಆ ನಾಲ್ಕನೇ ದಿನ ಯಾರಾದರೂ ಒಬ್ಬರು ಫೋನ್ ಮಾಡಿ "ಹೀಗೇ ಆಗುತ್ತೆ, ಇನ್ನೊಂದು ವಾರ ತಡೀರಿ" ಅಂದಿದ್ದರೆ ನನಗೆ ಆರು ತಿಂಗಳು ಉಳಿಯುತ್ತಿತ್ತು.

ಒಪಿಡಿ ಡಾಕ್ಟರ್

ಬೆಳಗಿನಜಾವ ಅವರೇ, ಬರೆದದ್ದಕ್ಕೆ ಧನ್ಯವಾದ. ಇದನ್ನು ನಾನೂ ಚೀಟಿ ಬರೆಯುವಾಗಲೇ ಹೇಳಬೇಕು. ಇನ್ನು ಹೇಳುತ್ತೇನೆ.

ಎರಡನೇರಿಂಗ್

ಆ ಫೋನ್ ಎರಡನೇ ವಾರದ ಮೂರನೇ ದಿನ ಹೋಗಬೇಕು. ಐದನೇ ದಿನ ಮಾಡಿದರೆ ಆ್ಯಪ್ ಅಳಿಸಿ ಆಗಿರುತ್ತದೆ. ಮಾತಾಡುವವರು ಗಡಿಬಿಡಿ ಮಾಡಬಾರದು. "ನಿನ್ನೆ ರಾತ್ರಿ ಹೇಗಿತ್ತು" ಅಂತ ಕೇಳಿ ಸುಮ್ಮನಿದ್ದರೆ ಸಾಕು, ಅವರೇ ಹೇಳುತ್ತಾರೆ. ತುಂಬಾ ತೂಕಡಿಕೆ ಅಂದರೆ ಗಾಡಿ ಓಡಿಸಬೇಡಿ ಅಂತ ಹೇಳಿ, ಡಾಕ್ಟರಿಗೂ ತಿಳಿಸಬೇಕು.

ಕಲ್ಲುಬೆಂಚು

ಇರುಳುದೀಪ ಅವರೇ, ಚಿಕ್ಕದೊಂದು ಸೇರಿಸುತ್ತೇನೆ. ಫೋನ್ ಕಂಪನಿಗಳು ಪ್ರತಿ ವರ್ಷ ಸಾಫ್ಟ್‌ವೇರ್ ಬದಲಿಸುತ್ತವೆ. ಆ ವಾರ ಆ್ಯಪ್ ಕೈಕೊಟ್ಟರೆ ಚಿಕಿತ್ಸೆಯ ಮಧ್ಯದಲ್ಲಿದ್ದವರು ಬೀದಿಗೆ ಬೀಳುತ್ತಾರೆ. ಅದಕ್ಕೊಬ್ಬರನ್ನು ಈಗಲೇ ಗೊತ್ತುಮಾಡಿ. ರೆಪ್‌ಗಳು "ನಿದ್ದೆ ಮಾತ್ರೆ ಬಿಡಿಸುತ್ತದೆ" ಅಂತ ಹೇಳದಂತೆ ನೋಡಿಕೊಳ್ಳಿ. ಟ್ರಯಲ್‌ನಲ್ಲಿ ಅಳೆಯದೇ ಇದ್ದದ್ದನ್ನು ಹೇಳುವ ಹಾಗಿಲ್ಲ. ಈ ಆಸೆ ಎಲ್ಲಾ ತಂಡಕ್ಕೂ ಬರುತ್ತದೆ.

ಇರುಳುದೀಪ

ಐದು ವಾರ ಆಯಿತು, ಏನೇನಾಯಿತು ಅಂತ ತಿಳಿಸುತ್ತೇನೆ.

ಹಣ ಕೊಡುವ ಮೂವರನ್ನು ಭೇಟಿಯಾದೆ. ಇಬ್ಬರು ಒಂದೇ ಮಾತು ಹೇಳಿದರು: ಪೂರ್ತಿ ಮುಗಿಸಿದವರಿಗೆ ಮಾತ್ರ ಪೂರ್ತಿ ಹಣ ಕೊಡುತ್ತೇವೆ, ಸರಿನಾ? ಮೊದಲು ಎದೆ ಧಸಕ್ಕೆಂದಿತು. ಆಮೇಲೆ ಯೋಚಿಸಿದರೆ ನಾವೇ ಲೆಕ್ಕ ಇಡಬೇಕು ಅಂದುಕೊಂಡ ಸಂಖ್ಯೆಯೂ ಅದೇ. ಸಣ್ಣ ಪ್ರಮಾಣದಲ್ಲಿ ಒಪ್ಪಂದ ಮಾಡಿಕೊಳ್ಳುತ್ತಿದ್ದೇವೆ. ಮೂರನೆಯವರು ಒಂದು ವರ್ಷದ ದಾಖಲೆ ತನ್ನಿ ಅಂದರು.

ರಾತ್ರಿ ಬರೆಯುವ ಸಂದೇಶಗಳಿಗೆ ಪಾಳಿಯಲ್ಲಿ ಒಬ್ಬ ಆಪ್ತಸಲಹೆಗಾರರು ಇರುತ್ತಾರೆ. ಯಾರ ಜವಾಬ್ದಾರಿ ಏನು ಅಂತ ಕ್ಲಿನಿಕ್ ಜೊತೆಗಿನ ಒಪ್ಪಂದದ ಮೊದಲ ಪುಟದಲ್ಲೇ ಬರೆದಿದ್ದೇವೆ. ಡಾಕ್ಟರ್ ಮೇಡಂ, ಯಾರಿಗೆ ಕೊಡಬಾರದು ಅನ್ನುವ ಪುಟ ಸಿದ್ಧವಾಗಿದೆ. ನೀವು ಒಮ್ಮೆ ಓದಿ ತಿದ್ದಿಕೊಟ್ಟರೆ ದೊಡ್ಡ ಉಪಕಾರ.

ಎರಡನೇ ವಾರದ ಮೂರನೇ ದಿನದ ಕರೆಗೆ ಎರಡು ಜನರನ್ನು ಮೀಸಲಿಟ್ಟಿದ್ದೇವೆ. ಬೆಳಗಿನಜಾವ ಅವರೇ, ಅವರ ತರಬೇತಿಯಲ್ಲಿ ನಿಮ್ಮ ಅಡುಗೆಮನೆಯ ಸ್ಟೂಲಿನ ಮಾತನ್ನು ಓದಿ ಹೇಳಲು ನಿಮ್ಮ ಒಪ್ಪಿಗೆ ಬೇಕು.

ಕೋಡ್ ಈಗ ಆರೇ ಅಂಕಿ. ಅಕ್ಷರಗಳು ಒಂದೂ ಇಲ್ಲ. ಎಷ್ಟು ಸಲ ತಪ್ಪಿದರೂ ಲಾಕ್ ಆಗುವುದಿಲ್ಲ, ಮೂರನೇ ಸಲಕ್ಕೆ ನಮ್ಮವರೇ ಫೋನ್ ಮಾಡುತ್ತಾರೆ. ಕಾರ್ಡಿನ ಅಂಕಿಗಳು ಹೆಬ್ಬೆರಳಿನ ಉಗುರಿನಷ್ಟು ದೊಡ್ಡವು. ನಿನ್ನೆ ಸಂಜೆ ಮುದ್ರಣಕ್ಕೆ ಹೋದವು.